ಅವರನ್ನೊಂದು ಮಾತು ಕೇಳಿ

ಬೇರೆಯವರಿಗೆ ಧೈರ್ಯ ಹೇಳುವಷ್ಟು ಸುಲಭದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಅದಕ್ಕೆ ಬಂಡವಾಳ ಬೇಡ, ಗಂಟಲು ಚೆನ್ನಾಗಿದ್ದರೆ ಸಾಕು. ನನ್ನ ಗಂಟಲು ಚೆನ್ನಾಗಿದೆ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನುಗಳ ಸದ್ದಿನ ನಡುವೆ ಹುಟ್ಟಿ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರು ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕಿತ್ತು. ಆ ಗಂಟಲನ್ನೇ ಬಳುವಳಿಯಾಗಿ ತಂದುಕೊಂಡು ಮಡಕಶಿರಾಕ್ಕೆ ಸೊಸೆಯಾಗಿ ಬಂದೆ, ಇಲ್ಲಿಯ ಡಿಗ್ರಿ ಕಾಲೇಜಿನಲ್ಲಿ ಲೆಕ್ಚರರೂ ಆದೆ. ಕೊನೆಯ ಬೆಂಚಿಗೂ ಕೇಳಿಸುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನಮ್ಮ ಪ್ರಿನ್ಸಿಪಾಲರು ನನ್ನನ್ನು ಮಹಿಳಾ ಸಬಲೀಕರಣ ಘಟಕದ ಸಂಚಾಲಕಿಯನ್ನಾಗಿ ಮಾಡಿದರು ಎಂದು ನನ್ನ ಗುಮಾನಿ. ಪ್ರತಿ ಗುರುವಾರ ಮಧ್ಯಾಹ್ನ ಹುಡುಗಿಯರನ್ನೆಲ್ಲ ಕೂರಿಸಿಕೊಂಡು, ಹೆಣ್ಣುಮಕ್ಕಳು ತಮ್ಮ ನಿರ್ಧಾರಗಳನ್ನು ತಾವೇ ತೆಗೆದುಕೊಳ್ಳಬೇಕು ಎಂದು ಮೇಜು ಗುದ್ದಿ ಪಾಠ ಮಾಡುತ್ತೇನೆ. ಆಮೇಲೆ ಮನೆಗೆ ಹೋಗಿ, ಇವತ್ತಿನ ಸಾರಿಗೆ ಹುಣಸೆಹಣ್ಣು ಹಾಕಲೋ ಟೊಮೇಟೊ ಹಾಕಲೋ ಎಂದು ಅತ್ತೆಯನ್ನು ಕೇಳುತ್ತೇನೆ.

ಹೀಗೆ ಎರಡೂ ಕಡೆ ಸುಖವಾಗಿ ನಡೆಯುತ್ತಿದ್ದ ಸಂಸಾರದಲ್ಲಿ ಹುಳಿ ಹಿಂಡಿದ್ದು ಅನಂತಪುರದ ವಿಶ್ವವಿದ್ಯಾಲಯದಿಂದ ಬಂದ ಒಂದು ಆದೇಶ. ಅಲ್ಲಿ ವಿದ್ಯಾರ್ಥಿನಿಯರಿಗೆ ಎರಡು ದಿನದ ನಾಯಕತ್ವ ಶಿಬಿರ, ಪ್ರತಿ ಕಾಲೇಜಿನಿಂದ ಒಬ್ಬಳು ಬರತಕ್ಕದ್ದು. ಪ್ರಿನ್ಸಿಪಾಲರು ತಮ್ಮ ಎಂದಿನ ತೆಲುಗು ಬೆರೆತ ಕನ್ನಡದಲ್ಲಿ, "ಮೇಡಂ ಗಾರು, ಒಳ್ಳೆ ಹುಡುಗಿ ಒಂದು ನೋಡಿ ಕಳಿಸಿಬಿಡಿ, ಅಯಿಪೋತುಂದಿ" ಎಂದರು. ಅಯಿಪೋತುಂದಿ, ಅಂದರೆ ಮುಗಿದುಹೋಗುತ್ತದೆ. ನಮ್ಮ ಪ್ರಿನ್ಸಿಪಾಲರ ಪ್ರಕಾರ ಎಲ್ಲ ಕೆಲಸವೂ ಅಯಿಪೋಗುವಂಥದ್ದೇ, ಯಾಕೆಂದರೆ ಮಾಡುವವರು ಬೇರೆಯವರು.

ಹುಡುಗಿಯನ್ನು ಹುಡುಕುವ ಕಷ್ಟವೇನೂ ಇರಲಿಲ್ಲ. ರೊಳ್ಳದ ಕಡೆಯ ಹಳ್ಳಿಯಿಂದ ಬರುವ ಶಿವಗಂಗ ಎಂಬ ಕೊನೆಯ ವರ್ಷದ ಹುಡುಗಿ ಆಗಲೇ ಎದ್ದು ನಿಂತಿದ್ದಳು. ಎಲ್ಲರ ಬಾಯಲ್ಲೂ ಅವಳು ಗಂಗ. "ಮೇಡಂ, ನಾನ್ ಹೋಗ್ತೀನಿ. ಅಲ್ಲಿ ಹಾಸ್ಟೆಲ್ ಹೆಂಗೈತೆ, ಯಾರ್ ಯಾರ್ ಇರ್ತಾರೆ ಅಂತ ಕಣ್ಣಾರೆ ನೋಡ್ಕಂಡು ಬಂದು ಮನೇಲಿ ಹೇಳ್ಬೇಕು. ಇಲ್ದಿದ್ರೆ ಡಿಗ್ರಿ ಮುಗಿದ ಮೇಲೆ ಎಮ್ಮೆಗೆ ಕಳ್ಸಲ್ಲ" ಎಂದಳು. ಈ ಎಮ್ಮೆ ಎಂ.ಎ. ಎಂದು ನಿಮಗೆ ಹೇಳಬೇಕಾಗಿಲ್ಲ. ಅಂದರೆ ಅವಳಿಗೆ ಶಿಬಿರಕ್ಕಿಂತ ಶಿಬಿರದ ಊರು ಮುಖ್ಯವಾಗಿತ್ತು. ಆ ಎರಡು ದಿನ ಸಿಕ್ಕರೆ ಮುಂದಿನ ಎರಡು ವರ್ಷದ ಓದಿನ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಮದುವೆಯ ಮಾತು ಶುರುವಾಗುತ್ತದೆ. ಮನೆಯವರನ್ನು ಒಪ್ಪಿಸುವ ಕೆಲಸ ನನ್ನದು ಎಂದು ಎದೆ ತಟ್ಟಿಕೊಂಡೆ. ಗಂಟಲು ಇತ್ತಲ್ಲ.

ಒಂದು ಭಾನುವಾರ ಆಟೋ ಹತ್ತಿ ಅವಳ ಊರಿಗೆ ಹೋದೆ. ಅವಳ ಅಪ್ಪ ರುದ್ರಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು, ಹುರಿದ ಕಡ್ಲೆಕಾಯಿ ತಂದಿಟ್ಟರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಭಾಷಣವನ್ನು ಅರ್ಧ ಮುಗಿಸುವಷ್ಟರಲ್ಲೇ ಆತ, "ನಂದೇನೂ ಇಲ್ಲ ಮೇಡಮ್ಮೋರೆ. ಓದ್ಲಿ ಅಂತ್ಲೇ ಅಲ್ವಾ ಕಾಲೇಜಿಗೆ ಹಾಕಿರಾದು? ಅವರಮ್ಮನ್ನ ಒಂದು ಮಾತು ಕೇಳಿ" ಎಂದರು. ಇಷ್ಟು ಸುಲಭವೇ ಎಂದುಕೊಂಡು ಒಳಗೆ ಹೋದೆ. ಒಲೆಯ ಮುಂದಿದ್ದ ತಾಯಿ ನಕ್ಕು, "ನಾನೇನ್ ಬ್ಯಾಡ ಅಂತೀನಾ? ಅತ್ತೇರು ದೊಡ್ಡೋರು ಅವ್ರೆ, ಅವರನ್ನೊಂದ್ ಮಾತು ಕೇಳಿ" ಎಂದರು. ಹಿತ್ತಿಲಲ್ಲಿ ಬಿಸಿಲು ಕಾಯುತ್ತಿದ್ದ ಅಜ್ಜಿ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, "ವಯಸ್ಸಾದೋಳು ನಾನೇನ್ ಹೇಳ್ಳವ್ವ? ಮನೆ ಯಜಮಾನ ಅಂತ ನನ್ ಮಗ ಇಲ್ವಾ? ಅವನ್ನ ಒಂದ್ ಮಾತು ಕೇಳು" ಎಂದಿತು. ಮತ್ತೆ ಜಗಲಿಗೆ ಬಂದು ನೋಡಿದರೆ ಯಜಮಾನರು ಕರೆಂಟು ಬಂತೆಂದು ಬೋರಿನ ಮೋಟರು ಹಾಕಲು ತೋಟಕ್ಕೆ ಹೋಗಿದ್ದರು.

ನಮ್ಮ ಸೀಮೆಯ ಸಜ್ಜನಿಕೆ ಇಂಥದ್ದು. ಬೇಡ ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ಮನಸ್ಸು ನೋಯುತ್ತದೆ. ಹೂಂ ಎಂದೂ ಯಾರೂ ಹೇಳುವುದಿಲ್ಲ, ಹೇಳಿದರೆ ನಾಳೆ ಹೆಚ್ಚುಕಡಿಮೆಯಾದಾಗ ಕೆಟ್ಟ ಹೆಸರು ಬರುತ್ತದೆ. ಮಾತು ಮನೆಯೊಳಗೆ ಒಂದು ಸುತ್ತು ಬಂದು, ದಣಿದು, ಕೊನೆಗೆ ಮೂಲೆಯಲ್ಲಿ ಮಲಗಿಬಿಡುತ್ತದೆ. ನನ್ನ ಮದುವೆಯ ಕಾಲದಲ್ಲಿ ಹುಡುಗಿಗೆ ಒಪ್ಪಿಗೆಯೇ ಎಂದು ತಿಳಿಯಲು ರಾಯದುರ್ಗಕ್ಕೂ ಮಡಕಶಿರಾಕ್ಕೂ ಜನ ಎಷ್ಟು ಸಲ ಓಡಾಡಿದರೋ, ಪಾಪ, ನನ್ನನ್ನು ಕೇಳಿದ್ದರೆ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು.

ಕಡ್ಲೆಕಾಯಿಯ ಗಂಟಿನೊಂದಿಗೆ ಸೋತು ಹೊರಟವಳನ್ನು ಆಟೋ ನಿಲ್ಲುವಲ್ಲಿಯವರೆಗೆ ಗಂಗ ಕಳಿಸಲು ಬಂದಳು. ಅವಳ ಮುಖದಲ್ಲಿ ನಿರಾಸೆಯ ಸುಳಿವೂ ಇರಲಿಲ್ಲ. "ನೀವು ಬಂದ ಟೈಮ್ ಸರಿ ಇರ್ಲಿಲ್ಲ ಮೇಡಂ. ಕೈ ಖಾಲಿ ಇದ್ರೆ ಜನ ಎದ್ದು ಹೋಗ್ತಾರೆ. ಮುಂದಿನ ವಾರ ನಮ್ ಹುಳ ಹಣ್ಣಾಗ್ತವೆ. ಫೋನ್ ಮಾಡ್ತೀನಿ, ಅವತ್ತು ಬಂದ್ಬಿಡಿ" ಎಂದಳು.

ರೇಷ್ಮೆಹುಳು ಹಣ್ಣಾಗುವುದೆಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು. ಆಗ ಅವನ್ನು ಸೊಪ್ಪಿನ ತಟ್ಟೆಯಿಂದ ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹುಳು ಯಾರಿಗೂ ಕಾಯುವುದಿಲ್ಲ, ಆ ದಿನ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಬಗ್ಗಿ ಕೂತಿರುತ್ತಾರೆ. ನೆಂಟರು ಬಂದರೆ ಅವರನ್ನೂ ಕೂರಿಸುತ್ತಾರೆ. ನನ್ನನ್ನೂ ಕೂರಿಸಿದರು. ಹುಳುವೆಂದರೆ ಮಾರು ದೂರ ಹಾರುವ ನಾನು, ಸಬಲೀಕರಣ ಘಟಕದ ಮರ್ಯಾದೆ ಉಳಿಸಲು ಹಲ್ಲು ಕಚ್ಚಿ ಒಂದೊಂದೇ ಎತ್ತಿಡತೊಡಗಿದೆ. ಅಪ್ಪ, ಅಮ್ಮ, ಅಜ್ಜಿ ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಗಂಗ ತಲೆಯನ್ನೂ ಎತ್ತದೆ, "ಅಪ್ಪಾ, ಅನಂತಪುರಕ್ಕೆ ಎರಡು ದಿನ ಹೋಗ್ಬರ್ಲಾ?" ಎಂದಳು. "ನಿಮ್ಮಮ್ಮನ್ನ..." ಎಂದು ರುದ್ರಪ್ಪ ಶುರು ಮಾಡಿದರೆ ಅಮ್ಮ ಪಕ್ಕದಲ್ಲೇ ಇದ್ದಾರೆ. ಅಮ್ಮ "ಅತ್ತೇರು..." ಎಂದರೆ ಅತ್ತೆ ಎದುರಿಗೇ ಇದ್ದಾರೆ. ಅಜ್ಜಿ ಮಗನ ಮುಖ ನೋಡಿತು, ಮಗ ಹುಳುವಿನ ಮುಖ ನೋಡಿದರು. ಎದ್ದು ಹೋಗುವ ಹಾಗಿಲ್ಲ. "ಬೇಗ ಹೇಳ್ರಪ್ಪ, ಹುಳ ತಟ್ಟೇಲೇ ಗೂಡು ಕಟ್ಬಿಡ್ತವೆ" ಎಂದಳು ಗಂಗ. "ಓಗ್ಬಾ ಅತ್ಲಾಗೆ" ಎಂದಿತು ಅಜ್ಜಿ. "ಹೂಂ, ಹೋಗ್ಲಿ" ಎಂದರು ಉಳಿದಿಬ್ಬರು. ಒಳಗೇ ಒಂದು ಕುಣಿತ ಕುಣಿದೆ. ಅಷ್ಟರಲ್ಲಿ ಅಜ್ಜಿ, "ಆದ್ರೆ ಒಂದು. ಈ ಮೇಡಮ್ಮೂ ಜತೇಲಿ ಓಗ್ಬೇಕು, ರಾತ್ರಿ ನಮ್ಮುಡುಗಿ ಪಕ್ದಾಗೆ ಮಲಗ್ಬೇಕು. ಏನವ್ವ?" ಎಂದು ನನ್ನತ್ತ ತಿರುಗಿತು. ನನ್ನ ಅಂಗೈಯಲ್ಲಿ ಒಂದು ಕೊಬ್ಬಿದ ಹುಳು ಹೊರಳುತ್ತಿತ್ತು. ಅದನ್ನು ಹೇಗೆ ಇಳಿಸುವುದೆಂಬ ಚಿಂತೆಯಲ್ಲಿ, "ಅದಕ್ಕೇನಜ್ಜಿ, ಹೋಗ್ತೀನಿ" ಎಂದುಬಿಟ್ಟೆ. ನಾನೂ ಕೈ ತುಂಬಿದ್ದಾಗಲೇ ಸಿಕ್ಕಿಬಿದ್ದೆ ಎಂದು ಹೊಳೆದದ್ದು ಆಟೋ ಅರ್ಧ ದಾರಿಗೆ ಬಂದ ಮೇಲೆ.

ಯಾಕೆಂದರೆ ಮದುವೆಯಾಗಿ ಬಂದಾಗಿನಿಂದ ತವರಿಗೆ ಬಿಟ್ಟರೆ ಬೇರೆಲ್ಲಿಯೂ ನಾನು ಒಬ್ಬಳೇ ರಾತ್ರಿ ಉಳಿದವಳಲ್ಲ. ಯಾರೂ ತಡೆದಿದ್ದಲ್ಲ, ಹಾಗೊಂದು ಸಂದರ್ಭವನ್ನು ನಾನೇ ಬರಗೊಟ್ಟಿರಲಿಲ್ಲ. ನನ್ನ ಯಜಮಾನರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಅಂಗಡಿ. ಅವರ ಹತ್ತಿರ ವಿಷಯ ತೆಗೆದರೆ ಕತ್ತರಿ ಕೆಳಗಿಟ್ಟು, ಟೇಪನ್ನು ಕೊರಳಿಗೆ ಹಾಕಿಕೊಂಡು, ಬಹಳ ಯೋಚಿಸಿ, "ನಂದೇನೂ ಇಲ್ಲ ಗಿರಿಜಾ. ಅಮ್ಮನ್ನ ಒಂದು ಮಾತು ಕೇಳು" ಎಂದರು. ಅತ್ತೆಯ ಮುಂದೆ ನಿಂತರೆ ಕಾಲೇಜಿನ ಗಂಟಲು ಎಲ್ಲಿ ಹೋಗುತ್ತದೋ ತಿಳಿಯದು. "ಅತ್ತೆ" ಎಂದು ಶುರು ಮಾಡಿ, "ಕಾಫಿ ಕುಡೀತೀರಾ?" ಎಂದು ಮುಗಿಸುತ್ತಿದ್ದೆ. ಆ ವಾರ ಪಾಪ ಅವರು ಕುಡಿದ ಕಾಫಿಗೆ ಲೆಕ್ಕವಿಲ್ಲ. ರಾಯದುರ್ಗದ ಅವ್ವನಿಗೆ ಫೋನು ಮಾಡಿ ಗೋಳು ತೋಡಿಕೊಂಡರೆ, "ಯಾಕವ್ವಾ, ಕಾಲೇಜಿನ್ಯಾಗ ಹುಡುಗ್ಯಾರಿಗೆ ಧೈರ್ಯ ಹೇಳ್ತಿ, ಅತ್ತೀಗೆ ಕೇಳಾಕ ಅಂಜ್ತಿ?" ಎಂದು ನಕ್ಕಳು. ಸರಿ, ನೀನೇ ಬೀಗರಿಗೆ ಹೇಳು ಎಂದರೆ, "ನಾ ಹೆಂಗ ಹೇಳ್ಲಿ? ನಿಮ್ಮಪ್ಪಗ ಒಂದು ಮಾತು ಕೇಳು" ಎಂದು ಫೋನಿಟ್ಟಳು.

ಗಂಗ ಮಾತ್ರ ದಿನವೂ ಕಾರಿಡಾರಿನಲ್ಲಿ ಎದುರಾಗಿ, "ಮನೇಲಿ ಕೇಳಿದ್ರಾ ಮೇಡಂ?" ಎಂದು ಕೇಳುತ್ತಿದ್ದಳು. "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದೆ, ಸರಕಾರಿ ಕಚೇರಿಯ ಹಾಗೆ. ಹೆಸರು ಕಳಿಸುವ ಕಡೆಯ ದಿನ ಹತ್ತಿರವಾಗುತ್ತಿತ್ತು. ಅವಳ ಮನೆಯವರು ಕೊಟ್ಟ ಹೂಂ ನನ್ನ ಕಾಫಿಲೋಟದಲ್ಲಿ ಮುಳುಗುತ್ತಿದೆಯಲ್ಲ ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು. ಆ ಹುಡುಗಿ ಮುಂದೆ ಓದುವುದೂ ಬಿಡುವುದೂ ಈಗ ಅವಳಪ್ಪನ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು. ಗುರುವಾರ ಬಂತು. ಮೇಜು ಗುದ್ದಲು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಅವತ್ತು ಹುಡುಗಿಯರಿಗೆ ರಕ್ತಹೀನತೆಯ ಬಗ್ಗೆ ಪಾಠ ಮಾಡಿದೆ. ಗಂಗ ಮುಂದಿನ ಬೆಂಚಿನಿಂದ ನನ್ನನ್ನೇ ನೋಡುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಹತ್ತಿರ ಬಂದು, "ಮೇಡಂ, ನಿಮ್ಮನೇಲಿ ಹುಳ ಇಲ್ಲ. ಮತ್ತೆ ಎಲ್ರೂ ಕೂತ್ಕಂಡು ಮಾಡೋ ಕೆಲಸ ಏನೈತೆ?" ಎಂದಳು. ಅವರೆಕಾಯಿಯ ಕಾಲ ಅದು. ಭಾನುವಾರ ಮನೆಯಲ್ಲಿ ಹಿದುಕಿದ ಬೇಳೆಯ ಸಾರು ಎಂದೆ. "ಬತ್ತೀನಿ" ಎಂದಳು.

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ಬೇರೆ ಮಾಡುವ ಕೆಲಸ ಒಮ್ಮೆ ಶುರುವಾದರೆ ಮುಗಿಯುವ ತನಕ ಏಳುವಂತಿಲ್ಲ. ಭಾನುವಾರ ನಡುಮನೆಯಲ್ಲಿ ದೊಡ್ಡ ಪಾತ್ರೆಯ ಸುತ್ತ ಅತ್ತೆ, ಯಜಮಾನರು, ನಾನು ಕೂತಿದ್ದೆವು. ಗಂಗ ಬಂದವಳೇ ಕಾಲು ತೊಳೆದು ನಮ್ಮ ನಡುವೆ ಜಾಗ ಮಾಡಿಕೊಂಡು ಕೂತಳು. ಅವಳ ಬೆರಳಿನ ಚುರುಕನ್ನು ಅತ್ತೆ ಮೆಚ್ಚಿಕೊಳ್ಳುತ್ತಿದ್ದಂತೆಯೇ, "ಅಜ್ಜಿ, ನಮ್ ಮೇಡಮ್ಮುನ್ನ ಎರಡು ದಿನ ಅನಂತಪುರಕ್ಕೆ ಕರ್ಕಂಡು ಹೋಗ್ಲಾ?" ಎಂದಳು. ಮೇಡಂ ಹುಡುಗಿಯನ್ನು ಕರೆದೊಯ್ಯುವುದಲ್ಲ, ಹುಡುಗಿ ಮೇಡಮ್ಮನ್ನು ಕರೆದೊಯ್ಯುವುದು! ನನ್ನ ಕೈಯ ಬೇಳೆ ಪುಳಕ್ಕನೆ ಹಾರಿ ಯಜಮಾನರ ಕನ್ನಡಕಕ್ಕೆ ಬಡಿಯಿತು. ಅವರು ಕಣ್ಣೆತ್ತಲೇ ಇಲ್ಲ. ಅತ್ತೆ ಕೈ ನಿಲ್ಲಿಸದೆ, "ಕರ್ಕಂಡೋಗವ್ವ, ಅದ್ಕೇನಂತೆ? ಯಾರ್ ಬ್ಯಾಡ ಅಂದೋರು?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ವಾರದಿಂದ ಕಾಫಿ ಮೇಲೆ ಕಾಫಿ ಕೊಡ್ತಾ ಇದ್ಯಲ್ಲ, ಇದ್ಕಾ? ಎಲ್ಲೋ ನಂಗೆ ಗೊತ್ತಿಲ್ದಂಗೆ ಫ್ರಿಜ್ಜು ತಗೊಂಡ್ಯೇನೋ ಅಂದ್ಕಂಡಿದ್ದೆ" ಎಂದರು. ನಗು ತಡೆಯಲಾಗದೆ ಯಜಮಾನರು ಬಗ್ಗಿ ಪಾತ್ರೆಯೊಳಗೆ ಏನನ್ನೋ ಹುಡುಕತೊಡಗಿದರು.

ಶಿಬಿರ ಚೆನ್ನಾಗಿಯೇ ನಡೆಯಿತು. ನಾಯಕತ್ವವೆಂದರೇನು ಎಂದು ದೊಡ್ಡವರೊಬ್ಬರು ಕೇಳಿದಾಗ ಗಂಗ ಎದ್ದು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹುಳು ಹಣ್ಣಾದ ದಿನದ ಕತೆ ಹೇಳಿದಳು. ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಸಂಜೆ ಹಾಸ್ಟೆಲಿನ ವಾರ್ಡನ್ ಚಪಾತಿ ಲಟ್ಟಿಸುವವರ ಮೇಲುಸ್ತುವಾರಿಯಲ್ಲಿದ್ದಾಗಲೇ ಗಂಗ ಅವರನ್ನು ಹಿಡಿದು, ನೀರು, ಊಟ, ಗೇಟಿನ ಬೀಗ ಎಲ್ಲವನ್ನೂ ವಿಚಾರಿಸಿಕೊಂಡಳು. ನಾನು ಅಜ್ಜಿಗೆ ಕೊಟ್ಟ ಮಾತಿನಂತೆ ಅವಳ ಪಕ್ಕದಲ್ಲೇ ಮಲಗಿದೆ. ಮಲಗುವ ಮುನ್ನ, ನಾನಿಲ್ಲದೆ ಮನೆ ತಲೆಕೆಳಗಾಗಿರುತ್ತದೆಂದು ಫೋನು ಮಾಡಿದರೆ ಅತ್ತೆ, "ಯಾಕಮ್ಮ ಫೋನ್ ಮಾಡ್ದೆ? ಅವರೇಕಾಳು ಉಪ್ಪಿಟ್ಟು ತಿಂದು ಆರಾಮಾಗಿದೀವಿ. ಇನ್ನೊಂದಿನ ಬೇಕಾದ್ರೂ ಇದ್ದು ಬಾ" ಎಂದರು. ಸಂತೋಷವಾಯಿತು. ಸ್ವಲ್ಪ ಬೇಜಾರೂ ಆಯಿತು, ಸುಳ್ಳೇಕೆ ಹೇಳಲಿ?

ಈಗ ರುದ್ರಪ್ಪನವರ ಮನೆಯಲ್ಲಿ ಮದುವೆಯ ಮಾತಿಲ್ಲ. ಗಂಗ ಎಂ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅದಕ್ಕೆ ಮನೆಯವರ ಒಪ್ಪಿಗೆ ಕೇಳಿದ್ದೂ ಮುಂದಿನ ಬೆಳೆಯ ಹುಳು ಹಣ್ಣಾದ ದಿನವೇ ಅಂತೆ. ನಾನೂ ಮೊದಲಿನಂತೆ ಮೇಜು ಗುದ್ದುತ್ತಿದ್ದೇನೆ. ಮೊನ್ನೆ ಸಂಜೆ ರಾಗಿ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟಿನಲ್ಲಿದ್ದವು. ಅತ್ತೆ ಬಂದು ಅಡುಗೆಮನೆಯ ಹೊಸಿಲ ಮೇಲೆ ನಿಂತು, "ಶನಿವಾರ ನಮ್ ಬೀದಿ ಹೆಂಗಸ್ರೆಲ್ಲ ನೇಮಕಲ್ಲು ಆಂಜನೇಯನ್ನ ನೋಡಕೋಗ್ತಾ ಇದೀವಿ. ರಾತ್ರಿ ರಾಯದುರ್ಗದಾಗೆ ನಿಮ್ಮಮ್ಮನ ಮನೇಲಿ ಉಳ್ಕಂಡು ಮಾರನೇ ದಿನ ಬತ್ತೀನಿ. ಏನಂತೀಯ?" ಎಂದರು. ಅಷ್ಟು ದೂರ, ಬಸ್ಸು, ಅವರ ಮೊಣಕಾಲು ನೋವು, ಬಿಪಿ ಮಾತ್ರೆ ಎಲ್ಲ ನನ್ನ ಕಣ್ಣ ಮುಂದೆ ಬಂದವು. "ನಿಮ್ಮ ಮಗನ್ನ ಒಂದು ಮಾತು..." ಎಂಬುದು ನಾಲಗೆಯ ತುದಿಗೂ ಬಂತು. ಮಗ ಅಂಗಡಿಯಲ್ಲಿದ್ದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹಿಟ್ಟು ಕೈಗೆ ಅಂಟಿಕೊಂಡಿತ್ತು.

"ಹೂಂ, ಹೋಗ್ಬನ್ನಿ ಅತ್ತೆ" ಎಂದೆ.

ಅವರು ಹೊರಗೆ ಹೋಗಿ, ಜಗಲಿಯಲ್ಲಿ ಕಾಯುತ್ತಿದ್ದ ಬೀದಿಯ ಹೆಂಗಸರಿಗೆ ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಅತ್ತೆಗೂ ನನ್ನಷ್ಟೇ ದೊಡ್ಡ ಗಂಟಲಿದೆ ಎಂದು ಗೊತ್ತಾದದ್ದೇ ಅವತ್ತು.

"ನಾನ್ ಹೇಳಿರ್ಲಿಲ್ವಾ? ಹಿಟ್ಟು ಕಲಸುವಾಗ ಕೇಳ್ಬೇಕು ಅಂತ!"