ಅಕ್ಕನಿಗೆ ಬಂದ ಮೇಲು

ನಮ್ಮಕ್ಕನಿಗೆ ದೇವರು ಎರಡು ಹೆಬ್ಬೆರಳು ಕೊಟ್ಟಿದ್ದು ಆ ಫೋನಿಗಾಗಿಯೇ! ಉಳಿದ ಎಂಟು ಬೆರಳು ಫೋನು ಬೀಳದಂತೆ ಹಿಡಿಯುವುದಕ್ಕೆ. ಹಾಗಾದರೆ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯುವವರು ಯಾರು? ನಾನು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅಕ್ಕನ ತೋಳು, ಹೆಗಲಿಗೆ ರೇಷ್ಮೆ ನೂಲಿನ ಸ್ಯಾಂಪಲ್ ಚೀಲ. ಅಕ್ಕ ಫೋನನ್ನು ಹಿಡಿಯುತ್ತಿದ್ದಳು, ನಾನು ಅಕ್ಕನನ್ನು ಹಿಡಿಯುತ್ತಿದ್ದೆ. ನನ್ನನ್ನು ಹಿಡಿಯುವವರು ಮಾತ್ರ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಒಬ್ಬರೂ ಇರಲಿಲ್ಲ.

ಇದು ಎಲ್ಲರ ಜೇಬಿಗೂ ಇಂಟರ್‌ನೆಟ್ಟು ಬರುವ ಮೊದಲಿನ ಮಾತು. ಫೋನಿರುವುದು ಮಿಸ್ಡ್ ಕಾಲ್ ಕೊಡುವುದಕ್ಕೆ ಎಂದು ಊರೆಲ್ಲ ನಂಬಿದ್ದ ಕಾಲ. ಅಕ್ಕ ಬೆಂಗಳೂರಿನ ಒಬ್ಬ ನೂಲು ವ್ಯಾಪಾರಿಯ ಕೆಲಸಕ್ಕೆ ಸೇರಿದ್ದಳು. ಊರೂರು ತಿರುಗಿ ರೇಷ್ಮೆ ಗೂಡಿನ ದರ ಹೇಗಿದೆ, ಎಂಥ ನೂಲು ಸಿಗುತ್ತದೆ ಎಂದು ನೋಡಿ ಇ-ಮೇಲ್ ಬರೆದು ಕಳಿಸಬೇಕು. ಅದಕ್ಕೆಂದೇ ಅವರು ಕೊಟ್ಟಿದ್ದು ಆ ಫೋನು. ಅಂಗೈಯಗಲ, ಅದರ ಅರ್ಧಕ್ಕೆ ದಾಳಿಂಬೆ ಕಾಳು ಜೋಡಿಸಿದಂತೆ ಕೀಲಿಗಳು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದಿದ್ದ ನನಗೆ ಅವಳ ಚೀಲ ಹೊರುವ ಕೆಲಸ ಸಿಕ್ಕಿತು.

ಕೆಲಸಕ್ಕೆ ಒಂದು ಷರತ್ತಿತ್ತು. ಅಮ್ಮನ ಕಣ್ಣು ಮಂಜಾಗುತ್ತಿತ್ತು. ಒಲೆಯಿಂದ ಬಚ್ಚಲಿಗೆ ಗೋಡೆ ಸವರಿಕೊಂಡು ಹೋಗುತ್ತಿದ್ದಳು. ಅದಕ್ಕೇ ಅಕ್ಕ, ಬೆಂಗಳೂರಿಗೆ ಬರಲ್ಲ, ದಿನಾ ಸಂಜೆ ಶಿಡ್ಲಘಟ್ಟದ ಮನೆಗೆ ವಾಪಸ್ಸು ಬರಬೇಕು ಎಂದು ಹಟ ಹಿಡಿದಳು. ವ್ಯಾಪಾರಿ ಸಾಹೇಬರು ಒಪ್ಪಿದರು. “ಮಧ್ಯಾಹ್ನದೊಳಗೆ ಮೇಲ್ ಬರಬೇಕಮ್ಮ. ಹಾಗೆ ದಿನಾ ಬರ್ತಿರೋವರೆಗೆ ನೀವು ಊರಲ್ಲೇ ಇರಿ. ತಪ್ಪಿದರೆ ಇಲ್ಲಿ ಬಂದು ಕೂತ್ಕೊಳ್ಳಿ.”

ಅಂದಿನಿಂದ ಶುರುವಾಯಿತು ನನ್ನ ಶನಿಕಾಟ!

“ಫೋನ್ ಮಾಡಿ ಬಾಯಲ್ಲೇ ಹೇಳ್ಬಾರ್ದೇನಕ್ಕ?” ಎಂದು ಒಮ್ಮೆ ಕೇಳಿದೆ.

“ಬಾಯಲ್ಲಿ ಹೇಳಿದ್ದನ್ನ ನಾಳೆ ಹೇಳೇ ಇಲ್ಲ ಅಂತಾರೆ ಕಣೋ. ನೀನು ಕಂಬಿ ಹಿಡ್ಕೊ.”

ಒಂದು ದಿನ ಚಿಂತಾಮಣಿ ಬಸ್ಸಿನಲ್ಲಿ ಅಕ್ಕ ತಲೆ ತಗ್ಗಿಸಿ ಟಕಟಕ ಒತ್ತುತ್ತಿದ್ದಳು. ಕೈವಾರದ ಕಡೆ ಹೊರಟಿದ್ದ ಭಕ್ತರಿಂದ ಬಸ್ಸು ತುಂಬಿತ್ತು. ಕಂಡಕ್ಟರು ಫೋನನ್ನು ನೋಡಿದ, ಅಕ್ಕನ ಮುಖ ನೋಡಿದ, ಬೆವರಿದ. ಹೊಸ ಮಿಷನ್ ಹಿಡಿದು ಬಂದ ಚೆಕಿಂಗ್‌ನವರು ಎಂದುಕೊಂಡಿದ್ದನೆಂದು ಕಾಣುತ್ತದೆ.

“ಮೇಡಂ, ಎಲ್ಲಾರ್ಗೂ ಟಿಕೆಟ್ ಕೊಟ್ಟಿದ್ದೀನಿ ಮೇಡಂ.”

ಅಕ್ಕ ತಲೆ ಎತ್ತದೆ, “ಇರ್ರಿ, ಕಳಿಸ್ತಿದ್ದೀನಿ” ಎಂದಳು. ಅವಳು ಹೇಳಿದ್ದು ಗೂಡಿನ ದರ. ಅವನಿಗೆ ಕೇಳಿಸಿದ್ದು ತನ್ನ ಸಸ್ಪೆಂಡ್ ಆರ್ಡರು! ಆಮೇಲೆ ನೋಡಬೇಕಿತ್ತು. ಹಿಂದಿನ ಸೀಟಿನವರಿಗೆ, ಮೆಟ್ಟಿಲ ಮೇಲಿದ್ದವರಿಗೆ, ಕೊನೆಗೆ ಒಬ್ಬ ಅಜ್ಜಿಯ ಬುಟ್ಟಿಯಲ್ಲಿದ್ದ ಕೋಳಿಗೂ ಟಿಕೆಟ್ ಬಂತು. ಅಜ್ಜಿ ಇಳಿಯುವವರೆಗೂ ಬೈದಳು. ಕಂಡಕ್ಟರನ್ನಲ್ಲ, ನನ್ನನ್ನು!

ಮಂಡಿಕಲ್ ದಾಟಿದರೆ ಒಂದು ಹುಣಸೆಮರ. ಅದರ ಬುಡದಲ್ಲಿ ಮಾತ್ರ ಟವರ್ ಸಿಗುತ್ತದೆ ಎಂದು ಅಕ್ಕ ಅದು ಹೇಗೋ ಕಂಡುಹಿಡಿದಿದ್ದಳು. ಮರ ಕಂಡ ಕೂಡಲೇ “ನಿಲ್ಸಿ!” ಎಂದು ಇಳಿದುಬಿಡುವಳು. ಬಸ್ಸು ಹೊರಟುಹೋಗುವುದು. ಬಿಸಿಲಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ನನ್ನ ಹೆಗಲು ಬಿದ್ದುಹೋಗುವುದು.

“ಬಸ್ ಬಿಟ್ಟುಹೋಯ್ತಲ್ಲಕ್ಕ!”

“ಬಸ್ ಇನ್ನೊಂದು ಬರ್ತದೆ ಕಣೋ. ಟವರ್ ಬರ್ತದಾ?”

ನಾನು ಚೀಲದ ಮೇಲೆ ಕೂತು ಹುಣಸೆ ಚಿಗುರು ತಿಂದೆ. ಹಲ್ಲು ಜುಮ್ಮೆಂದಿತು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ನಮ್ಮಮ್ಮನದು ಅರ್ಧ ಕನ್ನಡ, ಅರ್ಧ ತೆಲುಗು. ಮೊದಲ ಸಲ ಫೋನು ಟ್ರಿಂಗ್ ಎಂದಾಗ ಅಕ್ಕ, “ಅಮ್ಮಾ, ಮೇಲ್ ಬಂತು!” ಎಂದಳು. ತೆಲುಗಿನಲ್ಲಿ ಮೇಲು ಎಂದರೆ ಒಳ್ಳೆಯದು.

“ಮೇಲಾ? ಎವರಿಕಮ್ಮಾ ಮೇಲು?”

“ನಂಗೇ ಅಮ್ಮಾ, ಆಫೀಸಿಂದ.”

ಮಗಳಿಗೆ ಒಳ್ಳೆಯದು ಬಂತಲ್ಲ ಎಂದು ಅಮ್ಮ ಗೋಡೆ ಸವರಿಕೊಂಡು ಹೋಗಿ ದೇವರಿಗೆ ದೀಪ ಹಚ್ಚಿದಳು, ನಮ್ಮಿಬ್ಬರ ಕೈಗೂ ಬೆಲ್ಲದ ಚೂರು ಇಟ್ಟಳು. ಅಲ್ಲಿಂದಾಚೆಗೆ ಟ್ರಿಂಗ್ ಎಂದರೆ ಬೆಲ್ಲ. ಸಾಹೇಬರು ಬೈದು ಬರೆದರೂ ಬೆಲ್ಲ! ಒಂದು ಸಂಜೆ, “ಈ ವಾರ ಎರಡು ಸಲ ತಡವಾಗಿದೆ. ಇನ್ನೊಂದು ಸಲ ಆದರೆ ಬೆಂಗಳೂರಿಗೆ ಬಂದುಬಿಡಿ” ಎಂಬ ಮೇಲು ಬಂತು. ಅಕ್ಕ ಅದನ್ನು ನನಗೆ ಮೆಲ್ಲಗೆ ಓದಿ ಹೇಳಿದಳು. ಅಮ್ಮ ಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, “ಒಳ್ಳೇ ಮೇಲಮ್ಮಾ” ಎಂದಳು.

ಮಾರನೆಯ ದಿನ ಗೌರಿಬಿದನೂರು. ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರಾಗಿ, ನಾವು ಇಳಿಯುವಾಗ ಹೊತ್ತು ನೆತ್ತಿಗೆ ಬಂದಿತ್ತು. ಬೆಳಿಗ್ಗೆ ನೋಡಿದ ದರವನ್ನು ಅಕ್ಕ ದಾರಿಯಲ್ಲೇ ಬರೆದಿಟ್ಟಿದ್ದಳು, ಕಳಿಸೋಣವೆಂದರೆ ಬಸ್ ಸ್ಟ್ಯಾಂಡಿನಲ್ಲಿ ಟವರ್ ಇಲ್ಲ. ಅಕ್ಕ ಎಡಕ್ಕೆ ನಡೆದಳು, ಬಲಕ್ಕೆ ನಡೆದಳು, ಕೊನೆಗೆ ಚಪ್ಪಲಿ ಬಿಟ್ಟು ಕಲ್ಲುಬೆಂಚು ಹತ್ತಿದಳು. ಎರಡೂ ಕೈಯಲ್ಲಿ ಫೋನನ್ನು ತಲೆಯ ಮೇಲೆತ್ತಿ, ಮಂಗಳಾರತಿ ಎತ್ತುವವಳಂತೆ ನಾಲ್ಕು ದಿಕ್ಕಿಗೂ ಮೆಲ್ಲಗೆ ತಿರುಗಿದಳು. ಜನ ಸೇರಿದರು. ಒಬ್ಬ ಮುದುಕ ಕೈಮುಗಿದೇಬಿಟ್ಟ!

ಸೌತೆಕಾಯಿ ಮಾರುತ್ತಿದ್ದವನು ನನ್ನ ಪಕ್ಕೆ ತಿವಿದ. “ಏನಾಗಿದೆಯಪ್ಪ ಆಯಮ್ಮಂಗೆ? ನಿಮ್ಮೋರಾ?”

ಎಲ್ಲರೂ ನನ್ನತ್ತ ತಿರುಗಿದರು. ನನಗೆ ಸಾಕಾಗಿತ್ತು. ಬಿಸಿಲು, ಚೀಲ, ಹಸಿವು, ಹುಣಸೆಮರ, ಕೋಳಿಯ ಅಜ್ಜಿ ಎಲ್ಲ ಒಟ್ಟಿಗೆ ನೆನಪಾದವು.

“ಯಾರೋ, ಗೊತ್ತಿಲ್ಲಪ್ಪ” ಎಂದು ಹಿಂದೆ ಸರಿದೆ.

ಅಷ್ಟರಲ್ಲಿ ಅಕ್ಕನಿಗೆ ಟವರ್ ಸಿಕ್ಕಿತು. ಫೋನಿನಿಂದ ಕಣ್ಣು ಕೀಳದೆ, ಒಂದು ಕೈ ಕೆಳಗಿಳಿಸಿ ಎಂದಿನಂತೆ ನನ್ನ ಹೆಗಲಿಗೆ ತಡಕಾಡಿದಳು. ಹೆಗಲು ಅಲ್ಲಿರಲಿಲ್ಲ.

ಬಿದ್ದಳು. ಮಂಡಿ ಕಲ್ಲಿಗೆ ತರಚಿ ರಕ್ತ ಬಂತು. ಫೋನು ಹಿಡಿದ ಕೈ ಮಾತ್ರ ಮೇಲೆಯೇ ಇತ್ತು.

“ಹೋಯ್ತು ಕಣೋ!” ಎಂದು ಕೂಗಿದಳು.

ಫೋನು ಹೋಯಿತು, ಕೆಲಸ ಹೋಯಿತು ಎಂದುಕೊಂಡೆ. ಓಡಿಹೋಗಿ ಎತ್ತಿದರೆ ಅವಳು ನಗುತ್ತಿದ್ದಾಳೆ. “ಮೇಲ್ ಹೋಯ್ತು ಕಣೋ, ಟೈಮಿಗೆ ಹೋಯ್ತು!”

ಸೌತೆಕಾಯಿಯವನು ನನ್ನನ್ನೇ ನೋಡುತ್ತಿದ್ದ.

ವಾಪಸ್ಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಕ್ಕ ಮಂಡಿಗೆ ಕರ್ಚೀಫು ಕಟ್ಟಿಕೊಂಡು ಕೂತಿದ್ದಳು. ನಾನು ಹೇಳಿದ್ದು ಅವಳಿಗೆ ಕೇಳಿಸಿತ್ತೋ ಇಲ್ಲವೋ? ಕೇಳುವ ಧೈರ್ಯವಾಗಲಿಲ್ಲ. ಬೇರೇನೋ ಕೇಳಿದೆ. “ನೀನು ಕಳಿಸೋ ಪ್ರತಿ ಮೇಲಿನ ಕೆಳಗೂ ಇಂಗ್ಲಿಷಲ್ಲಿ ಒಂದು ಸಾಲಿರ್ತದಲ್ಲಕ್ಕ, ಏನದು?”

“ಅದಾ? ದಾರೀಲಿ ನಿಂತು ಬರ್ದಿದ್ದು, ತಪ್ಪಿದ್ರೆ ಹೊಟ್ಟೇಗಾಕ್ಕೊಳ್ಳಿ ಅಂತ” ಎಂದು ಕಿಟಕಿಯ ಹೊರಗೆ ನೋಡಿದಳು.

ಮನೆಯಲ್ಲಿ ಅಮ್ಮ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು. “ಯಾಕಮ್ಮಾಯಿ ಕುಂಟ್ತಿದ್ದೀಯ?”

“ಬೆಂಚಿಂದ ಬಿದ್ದೆ ಅಮ್ಮ.”

“ಇವನೆಲ್ಲಿ ಹೋಗಿದ್ದ? ಹಿಡ್ಕೊಳ್ಳಲಿಲ್ವಾ?”

ನಾನು ಚೀಲವನ್ನು ಹೆಗಲಿಂದ ಇಳಿಸದೆ ನಿಂತಿದ್ದೆ.

“ಹಿಡ್ಕೊಂಡ ಅಮ್ಮ” ಎಂದಳು ಅಕ್ಕ. “ಅದಕ್ಕೇ ಬರೀ ಮಂಡಿ ತರಚ್ತು.”

ಅಮ್ಮ ಗಾಳಿಯಲ್ಲಿ ತಡಕಾಡಿ ನನ್ನ ಕೈ ಹುಡುಕಿದಳು. ಅದನ್ನು ತನ್ನ ಮಂಜು ಕಣ್ಣುಗಳಿಗೆ ಒತ್ತಿಕೊಂಡು, “ನೀನಿದ್ದದ್ದು ಮೇಲಾಯ್ತು ನಾಯ್ನಾ” ಎಂದು ಒಂದು ಚೂರು ಬೆಲ್ಲ ಇಟ್ಟಳು.

ಅಕ್ಕ ಆಗಲೇ ಫೋನಿನೊಳಗೆ ತಲೆ ಹಾಕಿದ್ದಳು. ಬೆಲ್ಲ ನನ್ನ ಅಂಗೈಯಲ್ಲೇ ಅಂಟುತ್ತಿತ್ತು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.