ಹಸಿರು ಪೊಟ್ಟಣ

ಹಸಿವಿಗೆ ಮಡಿ ಮೈಲಿಗೆ ಇಲ್ಲ ಎಂಬುದು ಜುನ್‌ಹೋಂಗನಿಗೆ ಆ ಬೆಳಿಗ್ಗೆ ಚೆನ್ನಾಗಿ ಮನದಟ್ಟಾಯಿತು. ಷಿನ್‌ಚುವಿನ ಎಕ್ಸ್‌ರೇ ಸಂಶೋಧನಾ ಕೇಂದ್ರದ ಕಂಟ್ರೋಲ್ ಎಂಜಿನಿಯರ್ ಆತ. ಕಿರಣವನ್ನು ಗುರಿಗೆ ತಲುಪಿಸುವ ಎಂಟು ಕನ್ನಡಿಗಳನ್ನು ತಾನಾಗಿ ತಿರುಗಿಸುವ ಪ್ರೋಗ್ರಾಮ್ ಬರೆದಿದ್ದ. ತಿಂಡಿ ಬಿಟ್ಟು ಬಂದು ಅದನ್ನು ಕೊನೆಯ ಸಲ ಪರೀಕ್ಷಿಸುತ್ತ, ಕಣ್ಣು ಪರದೆಯಲ್ಲಿಟ್ಟು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೈಗೆ ಏನೂ ಸಿಗದಾದಾಗ ತಿರುಗಿ ನೋಡಿದ. ಕಂಟ್ರೋಲ್ ಪೆಟ್ಟಿಗೆಯ ಮೇಲಿನ ಹಸಿರು ಪೊಟ್ಟಣ ಖಾಲಿಯಾಗಿತ್ತು!

ತೆಂಗಿನ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣ ಮೇಲಿಡದೆ ನಮ್ಮ ತೈವಾನಿನಲ್ಲಿ ಯಾರೂ ಯಂತ್ರದ ಸ್ವಿಚ್ ಒತ್ತುವುದಿಲ್ಲ. ಅದಿದ್ದರೆ ಯಂತ್ರ ಹಟ ಮಾಡದು. ಹಳದಿ ಪೊಟ್ಟಣ ಕೂಡದು, ಕೆಂಪಂತೂ ಕೂಡಲೇ ಕೂಡದು. ತಿಂದವನ ಗತಿ ಏನೆಂದು ಯಾರಿಗೂ ಗೊತ್ತಿಲ್ಲ, ಈವರೆಗೆ ಯಾರೂ ತಿಂದಿರಲಿಲ್ಲ.

ಅದೂ ಇವತ್ತೇ ಆಗಬೇಕೆ! ಎರಡು ಗಂಟೆಗೆ ಪ್ರಗತಿ ಪರಿಶೀಲನೆ. ಯಾರೂ ಕೈ ಹಚ್ಚದೆ ಎಂಟೂ ಕನ್ನಡಿ ಸರಿಹೊಂದಿದರೆ ತೈತುಂಗಿಗೆ ವರ್ಗ ಮಾಡುತ್ತೇನೆಂದು ಮುಖ್ಯಸ್ಥ ಫಾನ್ ಮಾತು ಕೊಟ್ಟಿದ್ದರು. ದ್ವೀಪದ ಆ ಮಗ್ಗುಲಲ್ಲಿ ಹೆಂಡತಿ ಯೂಲಾನ್ ಇದ್ದಳು, ನಾಲ್ಕು ವರ್ಷದ ಮಗಳಿದ್ದಳು. ತಿಂಗಳಿಗೊಮ್ಮೆ ಬರುವ ಅಪ್ಪನನ್ನು ಕಂಡರೆ ಮಗು ಈಗೀಗ ಮೊದಲು ಅಮ್ಮನ ಹಿಂದೆ ಅಡಗಿಕೊಳ್ಳುತ್ತಿತ್ತು. ಅದೊಂದು ಅವನಿಗೆ ತಡೆಯಲಾಗುತ್ತಿರಲಿಲ್ಲ.

ಅವನು ಪೊಟ್ಟಣಕ್ಕೆ ಕಾಗದದ ಕರವಸ್ತ್ರ ತುರುಕಿ, ಬಾಯಿ ಅಂಟಿಸಿ, ಏನೂ ಅರಿಯದವನಂತೆ ಮೇಲಿಟ್ಟ. ಕಸ ಗುಡಿಸುವ ಶುಮೇ ಚಿಕ್ಕಮ್ಮ ಧೂಳು ಒರೆಸಲು ಅದನ್ನೆತ್ತಿದಳು.

"ಅಯ್ಯಯ್ಯೋ! ಇದೇನು ಇಷ್ಟು ಹಗುರ? ಯಾರೋ ತಿಂದ್ಬಿಟ್ಟಿದಾರೆ!"

ಎಲ್ಲರೂ ಓಡಿ ಬಂದರು. ಜೊತೆಗಾರ ಕಾಯ್‌ವೆನ್ ಜುನ್‌ಹೋಂಗನ ಅಂಗಿಯಿಂದ ಒಂದು ಚೂರು ಹೆಕ್ಕಿ ಮೂಸಿ ನೋಡಿದ.

"ತೆಂಗಿನಕಾಯಿ ವಾಸನೆ. ಏನಣ್ಣಾ, ದೇವರ ಎಡೆಗೇ ಬಾಯಿ ಹಾಕಿದ್ಯಾ?"

"ಗೊತ್ತಾಗಲಿಲ್ಲ ಮಾರಾಯ, ಗ್ರಾಫ್ ನೋಡ್ತಾ ಇದ್ದೆ."

ಕಾಯ್‌ವೆನ್ ಸ್ಕೂಟರಿನಲ್ಲಿ ಮೂರು ಅಂಗಡಿ ಸುತ್ತಿ ಹಳದಿ ಪೊಟ್ಟಣ ತಂದ. ಹಸಿರು ಎಲ್ಲೂ ಇರಲಿಲ್ಲ.

"ಹಸಿರು ಟೇಪ್ ಸುತ್ತಿದ್ರೆ ಆಗಲ್ವಾ?" ಎಂದ ಜುನ್‌ಹೋಂಗ್.

"ತಿಂದದ್ದು ಸಾಲದು ಅಂತ ಟೋಪಿ ಬೇರೆ ಹಾಕ್ತೀಯಾ? ಮೊದಲು ತಪ್ಪಾಯ್ತು ಅನ್ನು!" ಎಂದು ಚಿಕ್ಕಮ್ಮ ಗದರಿದಳು. ಎರಡು ಡಿಗ್ರಿ ಪಡೆದವನು ಕಬ್ಬಿಣದ ಪೆಟ್ಟಿಗೆಗೆ ಮೂರು ಸಲ ಬಾಗಿ ಕೈಮುಗಿದ.

ಎರಡು ಗಂಟೆಗೆ ಸಮಿತಿಯವರು ಬಂದರು. ಕಾಗದ ತುರುಕಿದ ಪೊಟ್ಟಣ ಕಸದ ಬುಟ್ಟಿ ಸೇರಿತ್ತು; ಅದಿದ್ದ ಖಾಲಿ ಜಾಗ ಕಾಣದಿರಲೆಂದು ಜುನ್‌ಹೋಂಗ್ ಪೆಟ್ಟಿಗೆಗೆ ಒತ್ತಿಕೊಂಡು ನಿಂತ. ಕಾಯ್‌ವೆನ್ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಮೊದಲ ಕನ್ನಡಿ ತಿರುಗಿತು. ಎರಡನೆಯದು ತಿರುಗಿತು. ಏಳನೆಯದು ಒಂದು ಕ್ಷಣ ತಡೆದು ತಿರುಗಿತು. ಎಂಟೂ ಕನ್ನಡಿ ಸೇರಿ ಕಿರಣವನ್ನು ಗುರಿಯ ನಟ್ಟನಡುವೆ ತಂದಿಟ್ಟವು. ಚಪ್ಪಾಳೆ ಬಿತ್ತು. ಜುನ್‌ಹೋಂಗನ ಕಣ್ಣು ತುಂಬಿತು.

ಫಾನ್ ವರ್ಗದ ಕಾಗದ ಬಿಚ್ಚಿ ಪೆನ್ನು ತೆಗೆದರು.

"ಹಸಿರು ಪೊಟ್ಟಣ ಇಲ್ದೇನೇ ಓಡ್ತಲ್ಲ ಸರ್!" ಚಿಕ್ಕಮ್ಮನಿಗೆ ಆನಂದ ತಡೆಯಲಾಗಲಿಲ್ಲ.

ಪೆನ್ನು ನಿಂತಿತು. "ಇಲ್ವಾ? ಎಲ್ಲಿ ಹೋಯ್ತು?"

"ಇವನು ತಿಂದ."

ಫಾನ್ ಪೆಟ್ಟಿಗೆಯನ್ನು ನೋಡಿದರು, ಅದಕ್ಕೊರಗಿ ನಿಂತವನನ್ನು ನೋಡಿದರು, ಅವನ ಹೊಟ್ಟೆಯನ್ನು ನೋಡಿದರು.

"ಅಂದ್ರೆ ಪೊಟ್ಟಣ ಇಲ್ಲೇ ಇತ್ತು" ಎಂದರು ಮೆಲ್ಲಗೆ.

"ಸರ್, ಓಡಿದ್ದು ನನ್ನ ಪ್ರೋಗ್ರಾಮಿಂದ. ಮೂರು ವರ್ಷ ಬರೆದದ್ದು ಸರ್!"

"ಇರಬಹುದಪ್ಪ. ಆದ್ರೆ ಓಡೋ ಯಂತ್ರದ ಹತ್ತಿರ ಇರೋದನ್ನ ಕದಲಿಸಬಾರದು." ಫಾನ್ ಕಾಗದ ಮಡಚಿ ಜೇಬಿಗಿಟ್ಟರು. ಸಮಿತಿಯ ಮೂವರು ಪ್ರೊಫೆಸರರೂ ತಲೆದೂಗಿದರು.

ಸಂಜೆ ಅವನು ಯೂಲಾನಳಿಗೆ ಫೋನು ಮಾಡಿ ಎಲ್ಲ ಹೇಳಿದ. ಅವಳು ಬಿದ್ದು ಬಿದ್ದು ನಕ್ಕಳು.

"ಮೂರು ವರ್ಷ ಕೂತು ಯಂತ್ರಕ್ಕೆ ಮಾತು ಕೇಳೋದು ಕಲಿಸಿದೆ" ಎಂದಳು ನಗು ನಿಂತ ಮೇಲೆ. "ಅಲ್ಲಿರೋ ಮನುಷ್ಯರಿಗೂ ಒಂದಿಷ್ಟು ಕಲಿಸಬಾರದಿತ್ತಾ?"