ಎಡಗಡೆಯ ಆನೆಯ ವಯಸ್ಸು

ಸುಳ್ಳು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಅವರಿಗಿಂತಲೂ ಆಗದವರು, ನಿಜವನ್ನೇ ಹೇಳುತ್ತಾ ಅದಕ್ಕೊಂದು ಆಧಾರ ತೋರಿಸದವರು. ಪೀಣ್ಯದ ವಾಲ್ವ್ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಈ ಕಾಯಿಲೆ ಅಂಟದಿದ್ದರೆ ಆಶ್ಚರ್ಯ. ನಮ್ಮಲ್ಲಿ ಒಳ್ಳೆಯ ಮಾಲಿಗೆ ಹಸಿರು ಚೀಟಿ, ಅನುಮಾನದ ಮಾಲಿಗೆ ಹಳದಿ ಚೀಟಿ, ಕೆಟ್ಟದ್ದಕ್ಕೆ ಕೆಂಪು. ಮನೆಗೆ ಬಂದ ಮೇಲೂ ನನ್ನ ಕೈ ಚೀಟಿ ಹುಡುಕುತ್ತಲೇ ಇರುತ್ತದೆ. ಮದುವೆಯಾದ ಹೊಸತರಲ್ಲಿ ಸುಮ ಮಾಡಿದ ಇಡ್ಲಿಗಳು ಒಂದೇ ದಪ್ಪ ಇವೆಯೋ ಇಲ್ಲವೋ ಎಂದು ವರ್ನಿಯರ್ ಇಟ್ಟು ಅಳೆದಿದ್ದೆ. ಆಮೇಲೆ ಮೂರು ತಿಂಗಳು ಇಡ್ಲಿ ಕಾಣಲಿಲ್ಲ. ವರ್ನಿಯರ್ ಇವತ್ತಿಗೂ ಸಿಕ್ಕಿಲ್ಲ.

ಇಂಥವನ ಮನೆಯಲ್ಲೇ ನಮ್ಮ ಅತ್ತೆ, ಅಂದರೆ ಸುಮಳ ತಾಯಿ, ಇದ್ದಾರೆ. ಮಾವ ತೀರಿಕೊಂಡ ಮೇಲೆ ಬಾಗಲಗುಂಟೆಯ ನಮ್ಮ ಮನೆಗೆ ಬಂದಾಗ ಅವರು ತಂದದ್ದು ಒಂದು ಟ್ರಂಕು ಮತ್ತು ಒಂದು ಗಜಲಕ್ಷ್ಮಿಯ ಚಿತ್ರ. ನಡುವೆ ಬಂಗಾರದ ರೇಕಿನ ಲಕ್ಷ್ಮಿ, ಎರಡೂ ಕಡೆ ನೀರೆರೆಯುವ ಬಿಳಿಯಾನೆಗಳು. ಅದನ್ನು ಬರೆದವರು ಅತ್ತೆಯ ಮುತ್ತಜ್ಜನಂತೆ. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಈ ಕಥೆ ಹೇಳಲೇಬೇಕು. ನನ್ನ ಆಕ್ಷೇಪ ಕಥೆಯ ಮೇಲಲ್ಲ, ಲೆಕ್ಕದ ಮೇಲೆ. ನನ್ನ ಮದುವೆಯ ಕಾಲಕ್ಕೆ ಆ ಚಿತ್ರಕ್ಕೆ ನೂರು ವರ್ಷ. ಮಗಳ ನಾಮಕರಣಕ್ಕೆ ನೂರಿಪ್ಪತ್ತು. ಹೋದ ವರ್ಷ ನೂರೈವತ್ತು. ನಮ್ಮ ಮದುವೆಗೆ ಹತ್ತೊಂಬತ್ತು ವರ್ಷ ತುಂಬುವಷ್ಟರಲ್ಲಿ ಲಕ್ಷ್ಮಿಗೆ ಐವತ್ತು ವರ್ಷ ಹೆಚ್ಚಾಗಿತ್ತು. ಎಲ್ಲರೂ "ಅಬ್ಬಾ!" ಎಂದು ಕೈಮುಗಿಯುತ್ತಿದ್ದರು. ನಾನೊಬ್ಬ ಮೂಲೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಈ ಸಲ ಹಬ್ಬಕ್ಕೆ ವಾರವಿರುವಾಗ, ಧೂಳು ಹೊಡೆಯುವಾಗ ಚೌಕಟ್ಟಿನ ಗಾಜು ಒಡೆಯಿತು. "ಫ್ಯಾಕ್ಟ್ರಿ ಕಡೆ ಗಾಜಿನಂಗ್ಡಿ ಇದ್ಯಲ್ಲಾ, ಹಾಕಿಸ್ಕೊಂಡ್ ಬನ್ನಿ" ಎಂದು ಸುಮ ಚಿತ್ರವನ್ನು ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟಳು. ಬೆಕ್ಕಿಗೆ ಹಾಲು ಕಾಯಲು ಹೇಳಿದಂತಾಯಿತು. ನಮ್ಮಲ್ಲಿ ಲೋಹದ ಜಾತಿ ಪತ್ತೆ ಮಾಡುವ ಗನ್ ಇದೆ. ವಸ್ತುವಿಗೆ ಮೂತಿ ತಾಗಿಸಿ ಗುಂಡಿ ಒತ್ತಿದರೆ ಸಾಕು, ಅದರಲ್ಲಿ ಏನೇನಿದೆ ಎಂದು ತೆರೆಯ ಮೇಲೆ ಬರೆದು ತೋರಿಸುತ್ತದೆ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇಂಥದ್ದೇ ಯಂತ್ರ ಹಿಡಿದು ಖೋಟಾ ಚಿತ್ರ ಹಿಡಿಯುತ್ತಾರೆಂದು ನಾನು ಮೊಬೈಲಿನಲ್ಲಿ ನೋಡಿದ್ದೆ. ಹಿಂದಿನವರ ಬಿಳಿ ಬಣ್ಣ ಸಫೇದ, ಅದರಲ್ಲಿರುವುದು ಸೀಸ. ಟೈಟಾನಿಯಂ ಬೆರೆತ ಬಿಳಿ ಬಣ್ಣಗಾರರ ಕೈಗೆ ಬಂದದ್ದು ಹೆಚ್ಚೆಂದರೆ ನೂರು ವರ್ಷದ ಈಚೆಗೆ. ಹಾಗಾಗಿ ಟೈಟಾನಿಯಂ ಸಿಕ್ಕರೆ ಅತ್ತೆಯ ಮುತ್ತಜ್ಜ ಸಿಕ್ಕಿಬಿದ್ದ ಹಾಗೆ.

ಗನ್ ನಡೆಸುವವನು ಬಾಗಲಕೋಟೆ ಕಡೆಯ ಬಸಪ್ಪ. ಪಂಚೆ ಬಿಚ್ಚಿ ತೋರಿಸಿದ ಕೂಡಲೇ ಅವನು ಚಪ್ಪಲಿ ಬಿಟ್ಟು ಕೈಮುಗಿದ. ವಿಜ್ಞಾನದ ಹೆಸರಿನಲ್ಲಿ ನಾನೂ ಬಿಟ್ಟೆ. ಲಕ್ಷ್ಮಿಯ ಮುಖಕ್ಕೆ ಹಿಡಿ ಎಂದೆ.

"ಏ ಸರ್ರ, ತಾಯಿ ಮಾರಿಗಿ ಗನ್ ಹಿಡಿಯೂದೇನ್ರಿ? ನನ್ ಕೈಲಿಂದ ಆಗೂದಿಲ್ರಿ. ಆನಿಗಿ ಹಿಡೀತೀನಿ ಬೇಕಾದ್ರ."

ಹೇಳಿ ಕೇಳಿ ಶುಕ್ರವಾರ. ನನಗೂ ಒಳಗೊಳಗೇ ಪುಕಪುಕ ಎನ್ನುತ್ತಿದ್ದುದರಿಂದ ಅವನ ಮಾತು ಬಹಳ ವೈಜ್ಞಾನಿಕವಾಗಿ ಕಂಡಿತು. ಎಡಗಡೆಯ ಆನೆಯ ಹೊಟ್ಟೆಗೆ ಒತ್ತಿದೆವು. ಬಂತು ಟೈಟಾನಿಯಂ! ಸೀಸವೂ ಒಂದಿಷ್ಟು ಇಣುಕಿತ್ತು. ಆದರೆ ನನಗೆ ಬೇಕಾದದ್ದು ಸಿಕ್ಕಿದ ಮೇಲೆ ಉಳಿದದ್ದನ್ನು ಏಕೆ ನೋಡಲಿ? "ಇನ್ನೊಂದ್ ಕಡಿ ನೋಡೂಣೇನ್ರಿ?" ಎಂದ ಬಸಪ್ಪನನ್ನು "ಸಾಕು ಬಿಡೋ" ಎಂದು ಗದರಿಸಿದೆ. ಒಂದೇ ಜಾಗದಲ್ಲಿ ಅಳೆದು ವರದಿ ಬರೆದ ಹುಡುಗರಿಗೆ ಮೆಮೊ ಕೊಡುವವನು ನಾನೇ. ಅಭ್ಯಾಸಬಲ, ಕೈ ತಾನಾಗಿ ಜೇಬಿಗೆ ಹೋಗಿ ಚೌಕಟ್ಟಿನ ಮೂಲೆಗೊಂದು ಕೆಂಪು ಚೀಟಿ ಅಂಟಿಸಿತು.

ಮನೆಯಲ್ಲಿ ಅತ್ತೆ ಹೊಸ ಗಾಜನ್ನು ಸೆರಗಿನಲ್ಲಿ ಒರೆಸುತ್ತಾ, "ಇದೇನ್ರಪ್ಪಾ ಕೆಂಪು ಚೀಟಿ? ಗಾಜಿನಂಗ್ಡಿಯೋನು ಅಂಟಿಸಿದ್ನಾ?" ಎಂದು ಕೇಳಿದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಸತ್ಯವಂತ. ಸೀಸ, ಟೈಟಾನಿಯಂ, ನೂರು ವರ್ಷ ಎಲ್ಲವನ್ನೂ ಆಡಿಟ್‌ಗೆ ಬಂದವರಿಗೆ ವಿವರಿಸುವ ಧಾಟಿಯಲ್ಲಿ ವಿವರಿಸಿದೆ. ಜಗಳಕ್ಕೆ ಬರುತ್ತಾರೆ ಎಂದುಕೊಂಡು ಉತ್ತರಗಳನ್ನೂ ಸಿದ್ಧಮಾಡಿಕೊಂಡಿದ್ದೆ. ಅತ್ತೆ ಜಗಳವಾಡಲಿಲ್ಲ. "ಹಂಗಾದ್ರೆ ನಮ್ಮಮ್ಮ ನಂಗೆ ಸುಳ್ಳು ಹೇಳಿದ್ಲು ಅನ್ನಿ" ಎಂದಷ್ಟೇ ಹೇಳಿ ಚಿತ್ರವನ್ನು ಮತ್ತೆ ಪಂಚೆಯಲ್ಲಿ ಸುತ್ತಿ ಟ್ರಂಕಿನೊಳಗಿಟ್ಟರು. ಈ ಸಲ ಹಬ್ಬಕ್ಕೆ ಬರೀ ಕಳಶ ಸಾಕಂತೆ.

ತವರಿನದು ಎಂದು ಅವರ ಬಳಿ ಇದ್ದದ್ದು ಅದೊಂದೇ. ಅದು ನನಗೆ ಆಗ ಹೊಳೆಯಿತು. ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಮೂರನೆಯ ದಿನ ಸುಮ ಬಾಯಿಬಿಟ್ಟಳು. "ಗೆದ್ರಲ್ಲ, ಖುಷಿನಾ? ಒಂದು ಸರ್ಟಿಫಿಕೇಟ್ ಬರ್ಕೊಂಡು ಅದೇ ಮೊಳೆಗೆ ನೇತಾಕ್ಕೊಳ್ಳಿ." ಖುಷಿಯಂತೂ ಇರಲಿಲ್ಲ, ನಾಚಿಕೆಯಿತ್ತು. ಆದರೆ ದತ್ತಾಂಶ ದತ್ತಾಂಶವೇ, ನಾನೇನು ಮಾಡಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವತ್ತು ಸಂಜೆ ಹುರುಳಿಕಾಯಿ ಸೋಸುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: "ಅಲ್ರಪ್ಪಾ, ನಿಮ್ ಮಿಷಿನ್ನು ಎಲ್ಲಿ ಇಟ್ಟು ನೋಡಿದ್ರಿ?"

"ಎಡಗಡೆ ಆನೆ ಮೇಲೆ, ಅತ್ತೆ."

"ಎಡಗಡೇದೇನಾ? ಬೇರೆ ಎಲ್ಲೂ ಇಲ್ವಾ?"

"ಇಲ್ಲ."

ಅತ್ತೆ ಕಾಯಿ ಕೆಳಗಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಎರಡೂ ಇತ್ತೆಂದು ಕಾಣುತ್ತದೆ.

"ಅಯ್ಯೋ, ಅದು ನಿಮ್ಮ ಮಾವನ ಆನೆ ಕಣ್ರಪ್ಪಾ! ಶೀಟಿನ್ ಮನೇಲಿದ್ವಲ್ಲ, ಗೋಡೆ ಒದ್ದೆಯಾಗಿ ಆ ಆನೆ ಹೊಟ್ಟೆ ಬಣ್ಣ ಎದ್ದೋಗಿತ್ತು. ನಾನು ಅತ್ಕೊಂಡ್ ಕೂತೆ. ಇವ್ರು ಫ್ಯಾಕ್ಟ್ರಿ ಪೇಂಟ್ ಶಾಪಿಂದ ಉಪ್ಪಿನ್ಕಾಯ್ ಬಾಟ್ಲೀಲಿ ಒಂಚೂರು ಬಿಳೀ ಬಣ್ಣ ತಂದು, ಒಂದಿಡೀ ಭಾನ್ವಾರ ಕೂತು ಬಳಿದ್ರು. 'ಮುತ್ತಜ್ಜನ ಚಿತ್ರಕ್ಕೆ ನಾನು ಕೈ ಹಾಕಿದ್ದು ಯಾರಿಗೂ ಹೇಳ್ಬೇಡ ಕಣೆ' ಅಂದಿದ್ರು. ನಾನೂ ಹೇಳ್ಳಿಲ್ಲ. ಆಮೇಲಾಮೇಲೆ ನಂಗೇ ಮರ್ತೋಗಿತ್ತು. ಅವ್ರ ಕೈನ ನಿಮ್ ಮಿಷಿನ್ನು ಗುರುತು ಹಿಡೀತು ನೋಡಿ!"

ಮಾವ ಪೀಣ್ಯದಲ್ಲಿ ಯಂತ್ರಗಳ ಕವಚಕ್ಕೆ ಬಣ್ಣ ಹೊಡೆಯುತ್ತಿದ್ದರು. ನನಗೆ ಇದು ಗೊತ್ತಿತ್ತು, ಸುಮಳಿಗೂ ಗೊತ್ತಿತ್ತು. ಅವರು ಆನೆಗೂ ಹೊಡೆದಿದ್ದಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಅತ್ತೆಯೇ ಟ್ರಂಕು ತೆಗೆದು ಚಿತ್ರ ಕೈಗಿತ್ತು, "ಮಿಕ್ಕಿದ್ದನ್ನೂ ನೋಡಿಸ್ಕೊಂಡು ಬನ್ನಿ. ತಾಯಿ ಏನೂ ಅಂದ್ಕೊಳಲ್ಲ" ಎಂದು ಕಳಿಸಿದರು. ಬಸಪ್ಪ ಹೊಸ ಗಾಜು ಬಿಚ್ಚಿ, ಕರ್ಪೂರ ಹಚ್ಚಿ ಗನ್ ಹಿಡಿದ. ಬಲಗಡೆಯ ಆನೆ, ಕಮಲ, ಲಕ್ಷ್ಮಿಯ ಮುಖ, ಎಲ್ಲ ಕಡೆಯೂ ಸೀಸ, ಟೈಟಾನಿಯಂ ಸುಳಿವೇ ಇಲ್ಲ. ಹಳೆಯ ಕಾಲದ ಬಣ್ಣವೆಂದು ಹೇಳಬಹುದು, ನೂರೈವತ್ತು ಎಂದು ಯಾವ ಗನ್ನೂ ಹೇಳುವುದಿಲ್ಲ. ಈ ಎರಡನೆಯ ಮಾತನ್ನು ಅತ್ತೆಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ.

ಹಬ್ಬದ ದಿನ ಕಳಶದ ಹಿಂದೆ ಗಜಲಕ್ಷ್ಮಿ ಕೂತಿದ್ದಳು. ಬಂದವರಿಗೆಲ್ಲ ಅತ್ತೆ ಮುತ್ತಜ್ಜನನ್ನು ಎರಡು ಮಾತಿನಲ್ಲಿ ಮುಗಿಸಿ ಮಾವನ ಭಾನುವಾರದ ಕಥೆಯನ್ನು ವಿಸ್ತಾರವಾಗಿ ಹೇಳಿದರು. "ಅಷ್ಟು ವರ್ಷದ ಗುಟ್ಟು ಹೆಂಗ್ರೀ ಗೊತ್ತಾಯ್ತು?" ಎಂದು ಎದುರುಮನೆಯವರು ಮೂಗಿನ ಮೇಲೆ ಬೆರಳಿಟ್ಟರು. "ನಮ್ಮಳಿಯಂದ್ರು ಕಂಡ್ಹಿಡಿದ್ರು. ಅವ್ರಿಗೆ ಹಳೇದು ಅಂದ್ರೆ ಅಷ್ಟು ಪ್ರೀತಿ" ಎಂದರು ಅತ್ತೆ, ಮನಸ್ಸಿನಲ್ಲಿ ಕಿಂಚಿತ್ತೂ ಕಹಿಯಿಲ್ಲದೆ. ಎಲ್ಲರೂ ನನ್ನತ್ತ ತಿರುಗಿ ಮೆಚ್ಚುಗೆಯಿಂದ ತಲೆದೂಗಿದರು. ನಾನೂ ಮ್ಯೂಸಿಯಂನವನ ಗತ್ತಿನಲ್ಲಿ ಕೈಕಟ್ಟಿ ನಿಂತು ವಿನಯದ ಮುಗುಳ್ನಗೆ ತಂದುಕೊಂಡೆ.

ಒಬ್ಬಟ್ಟು ಬಡಿಸುತ್ತಾ ಬಂದ ಸುಮ ನನಗಷ್ಟೇ ಕೇಳುವ ಹಾಗೆ, "ಯಾಕೆ ಟೆಸ್ಟ್ ಮಾಡಿಸಿದ್ರಿ ಅಂತಾನೂ ಹೇಳ್ಬಿಡಿ" ಎಂದಳು.

ನಾನು ಇನ್ನೊಂದು ಮಿಳ್ಳೆ ತುಪ್ಪ ಕೇಳಿದೆ.